ಅಮ್ಮನ ಸ್ಕ್ಯಾನಿನಲ್ಲಿ ಗಡ್ಡೆಯೂ ಇದೆ, ರಕ್ತನಾಳದ ಉಬ್ಬೂ ಇದೆ. ಒಂದರಿಂದ ಇನ್ನೊಂದಾ?

ಪ್ರಶ್ನೆ (ಸೋಮವಾರಪೇಟೆಯಿಂದ)

ಅಮ್ಮನಿಗೆ 63. ಈ ಸಲ ಕಾಫಿ ಕೊಯ್ಲಿನಲ್ಲಿ ಎರಡು ಬಾರಿ ತಲೆ ಸುತ್ತಿ ಗಿಡದ ಬುಡದಲ್ಲೇ ಕೂತುಬಿಟ್ಟರು. ಬಿಸಿಲಿಗೆ ಇರಬೇಕು ಅಂತ ನಾವೂ ಸುಮ್ನೆ ಇದ್ದೆವು. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆ. ಮೆದುಳಿನ ಹೊದಿಕೆಯಲ್ಲಿ 2 ಸೆಂ.ಮೀ. ಮೆನಿಂಜಿಯೋಮಾ ಗಡ್ಡೆ ಇದೆಯಂತೆ. ಇನ್ನೊಂದು ಬದಿಯಲ್ಲಿ 4 ಮಿ.ಮೀ. ಅನ್ಯೂರಿಸಂ, ಅಂದರೆ ರಕ್ತನಾಳದ ಉಬ್ಬು. ಸ್ಕ್ಯಾನ್ ಮಾಡಿದವರು ಕವರ್ ಕೈಗೆ ಕೊಟ್ಟು "ಡಾಕ್ಟರಿಗೆ ತೋರಿಸಿ" ಅಂದರು, ಅಷ್ಟೇ. ಡಾಕ್ಟರ್ ಸಿಗುವುದು ಮುಂದಿನ ಗುರುವಾರ.

ಅಮ್ಮ ಮಾತ್ರ ಫಿಲ್ಮನ್ನು ಕಿಟಕಿಗೆ ಹಿಡಿದು, "ಇಷ್ಟು ಕಪ್ಪಲ್ಲಿ ಅವರಿಗೆ ಏನು ಕಾಣುತ್ತೋ" ಅಂತ ನಗುತ್ತಾರೆ. ನನಗೆ ನಿದ್ದೆ ಇಲ್ಲ. ಗಡ್ಡೆ ಒತ್ತಿ ನಾಳ ಉಬ್ಬಿತಾ? ಗಡ್ಡೆ ತೆಗೆದರೆ ಉಬ್ಬೂ ಹೋಗುತ್ತಾ?

ಉತ್ತರ 1 (ಮಡಿಕೇರಿ)

ನ್ಯೂರೋ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಈಗ ತೋಟ ನೋಡಿಕೊಳ್ಳುತ್ತೇನೆ. ಹೆಚ್ಚಿನವರಲ್ಲಿ ಇವೆರಡಕ್ಕೂ ಸಂಬಂಧ ಇರುವುದಿಲ್ಲ. ದೊಡ್ಡವರಲ್ಲಿ ನೂರಕ್ಕೆ ಸುಮಾರು 3 ಜನರ ತಲೆಯಲ್ಲಿ ಒಡೆಯದ ಅನ್ಯೂರಿಸಂ ಇರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಣ್ಣಿಗೆ ಬೀಳುತ್ತದೆ. ಮೆನಿಂಜಿಯೋಮಾನೂ ಹಾಗೇ, ಎಷ್ಟೋ ಸಲ ಸುಮ್ನೆ ಕೂತಿರುತ್ತದೆ. ಎರಡೂ ಹೆಂಗಸರಲ್ಲೇ ಜಾಸ್ತಿ, ವಯಸ್ಸಾದ ಮೇಲೆ ಇನ್ನೂ ಜಾಸ್ತಿ. ಒಟ್ಟಿಗೆ ಸಿಕ್ಕರೆ ಆಶ್ಚರ್ಯ ಏನಿಲ್ಲ.

ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪೈಪು ಹಳತಾದರೆ ಎಲ್ಲಿ ಉಬ್ಬುತ್ತದೆ ನೋಡಿದ್ದೀರಲ್ವಾ? ಕವಲಿನ ಹತ್ತಿರ. ನಾಳವೂ ಅಲ್ಲೇ ಉಬ್ಬುವುದು, ಗೋಡೆ ಸೋತಲ್ಲಿ. ಪಂಪಿನ ಒತ್ತಡ ಜಾಸ್ತಿ ಆದಷ್ಟೂ ಕಷ್ಟ. ಹಾಗಾಗಿ ಗಡ್ಡೆ ತೆಗೆದರೂ ಉಬ್ಬು ಅಲ್ಲೇ ಇರುತ್ತದೆ. ಅದಕ್ಕೆ ಚಿಕಿತ್ಸೆ ಬೇಕು ಅನಿಸಿದರೆ ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕುತ್ತಾರೆ, ಇಲ್ಲವೇ ಅದರೊಳಗೆ ಕಾಯಿಲ್ ಅನ್ನುವ ಸಣ್ಣ ತಂತಿ ಸುರುಳಿ ತುಂಬುತ್ತಾರೆ. 4 ಮಿ.ಮೀ.ನಂಥ ಸಣ್ಣದನ್ನು ಎಷ್ಟೋ ಸಲ ನೋಡುತ್ತಾ ಇರುತ್ತಾರೆ, ಅಷ್ಟೇ.

ಅಮ್ಮನ ಬಿಪಿ ಎಷ್ಟಿದೆ? ನೀವು ಅದನ್ನೇ ಬರೆದಿಲ್ಲ. ಒಂದು ಮಾತು, ಸಿಡಿಲು ಬಡಿದ ಹಾಗೆ ಒಮ್ಮೆಲೇ ತಲೆನೋವು, ವಾಂತಿ, ಕತ್ತು ಬಿಗಿತ ಬಂದರೆ ಗುರುವಾರಕ್ಕೆ ಕಾಯಬೇಡಿ. ಆಗಲೇ ಹೊರಡಿ.

ಉತ್ತರ 2 (ವಿರಾಜಪೇಟೆ)

ನಮ್ಮಪ್ಪನಿಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇತ್ತು. ಮೂಗಿನ ಮೂಲಕ ಆಪರೇಷನ್ನಿಗೆ ದಿನ ಕೊಟ್ಟು, ಅದಕ್ಕೂ ಮೊದಲು ರಕ್ತನಾಳಗಳನ್ನು ತೋರಿಸುವ ಆಂಜಿಯೋ ಸ್ಕ್ಯಾನ್ ಮಾಡಿಸಿ ಅಂದರು. ಸುಮ್ನೆ ಖರ್ಚು ಅಂತ ನಾನು ಗೊಣಗಿದ್ದೆ. ಆ ಜಾಗದಲ್ಲಿ ಅನ್ಯೂರಿಸಂ ಕೂಡ ಗಡ್ಡೆ ಥರಾನೇ ಕಾಣಬಹುದಂತೆ. ಗಡ್ಡೆ ಅಂತ ಕತ್ತರಿಸಲು ಹೋಗಿ ಅದು ನಾಳ ಆಗಿದ್ದರೆ! ಆಮೇಲೆ ನಾನು ಬಾಯಿ ಬಿಡಲಿಲ್ಲ.

ಪ್ರಶ್ನೆ ಕೇಳಿದವರು

ಗುರುವಾರ ತೋರಿಸಿ ಬಂದೆವು. ಒಂದರಿಂದ ಇನ್ನೊಂದು ಬಂದಿದ್ದಲ್ಲ ಅಂದರು. ಗಡ್ಡೆಗೆ ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್, ಉಬ್ಬಿಗೆ ಸಿಟಿ ಆಂಜಿಯೋ. ಮಡಿಕೇರಿ ಅಕ್ಕ ಕೇಳಿದ್ದೇ ಸರಿ. ಬಿಪಿ 170/100. ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ನಿಲ್ಲಿಸಿದ್ದರಂತೆ. ಮನೆಗೆ ಬಂದು ಹುಡುಕಿದರೆ ಅಕ್ಕಿ ಡ್ರಮ್ಮಿನ ಹಿಂದೆ ಮೂರು ಸ್ಟ್ರಿಪ್ ಸಿಕ್ಕವು, ಒಂದೂ ಬಿಚ್ಚಿರಲಿಲ್ಲ.