‘ಮೆಸ್ಸೀಯ’ ಪಿಟೀಲು ಅಸಲಿಯೋ ನಕಲಿಯೋ?

ಬಿರಡೆ_ಭಟ್ಟ: ಆಕ್ಸ್‌ಫರ್ಡಿನ ಆಶ್‌ಮೋಲಿಯನ್ ಮ್ಯೂಸಿಯಂನಲ್ಲಿರುವ ‘ಮೆಸ್ಸೀಯ’ ಪಿಟೀಲಿನ ಫೋಟೋ ನೋಡಿದ್ದೀರಾ? ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವಾರಿ 1716ರಲ್ಲಿ ಇಟಲಿಯ ಕ್ರೆಮೋನಾದಲ್ಲಿ ಮಾಡಿದ್ದಂತೆ. ಮುನ್ನೂರು ವರ್ಷ ದಾಟಿದರೂ ವಾರ್ನಿಷ್ ಸವೆದಿಲ್ಲ, ಸುರುಳಿ ತಲೆಯ ಅಂಚಿಗೆ ಬಳಿದ ಕಪ್ಪು ಕೂಡ ಹಾಗೇ ಇದೆ. ನನಗಂತೂ ಅನುಮಾನ.

ಶ್ರುತಿಪೆಟ್ಟಿಗೆ: ಸವೆಯಲು ಯಾರಾದರೂ ನುಡಿಸಬೇಕಲ್ವಾ? ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡಾಗಲೂ ಅದು ಮನೆಯಲ್ಲೇ ಇತ್ತು. ಮಗ ಪಾವ್ಲೋ 1775ರಲ್ಲಿ ವಾದ್ಯ ಸಂಗ್ರಾಹಕ ಕೌಂಟ್ ಕೋಜಿಯೋಗೆ ಮಾರಿದ. ಅಲ್ಲಿಂದ 1827ರಲ್ಲಿ ತಾರೀಸಿಯೋ ಅನ್ನೋ ವ್ಯಾಪಾರಿ ಕೈಗೆ ಬಂತು. ಇವನು ಪ್ಯಾರಿಸ್ಸಿಗೆ ಹೋದಾಗೆಲ್ಲ ಅದರ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ, ಆದರೆ ಒಮ್ಮೆಯೂ ತಂದು ತೋರಿಸಲಿಲ್ಲ, ಅದಕ್ಕೇ ಪಿಟೀಲುಗಾರ ಅಲಾರ್ ‘ಮೆಸ್ಸೀಯನ ಥರ, ಕಾಯ್ತಾನೇ ಇರಬೇಕು, ಬರೋದೇ ಇಲ್ಲ’ ಅಂತ ರೇಗಿಸಿದನಂತೆ (ಮೆಸ್ಸೀಯ ಅಂದ್ರೆ ಯೆಹೂದ್ಯರು ಎದುರುನೋಡುವ ರಕ್ಷಕ). ಹೆಸರು ಅಂಟಿಕೊಂಡಿತು.

ಕಮಾನು78: ಕತೆ ಚೆನ್ನಾಗಿದೆ. ತಾರೀಸಿಯೋ ಸತ್ತ ಮೇಲೆ 1855ರಲ್ಲಿ ಕೊಂಡವನು ಯಾರು, ಅದನ್ನೂ ಹೇಳಿ! ಪ್ಯಾರಿಸ್ಸಿನ ಪಿಟೀಲು ತಯಾರಕ ವಿಯೋಮ್. ಸ್ಟ್ರಾಡಿವಾರಿ ನಕಲು ಮಾಡುವುದರಲ್ಲಿ ಎತ್ತಿದ ಕೈ, ಅಲಾರ್‌ಗೆ ಮಾವ ಬೇರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಸ್ಟುವರ್ಟ್ ಪೊಲೆನ್ಸ್ 1990ರ ದಶಕದ ಕೊನೆಯಲ್ಲಿ ತಕರಾರು ಎತ್ತಿದ್ದು ಸುಮ್ನೆ ಅಲ್ಲ. ಕೋಜಿಯೋ ಬರೆದಿಟ್ಟ ವಿವರಕ್ಕೂ ಈ ವಾದ್ಯಕ್ಕೂ ತಾಳೆ ಆಗುವುದಿಲ್ಲ ಅಂತ ಅವರ ವಾದ.

ಶ್ರುತಿಪೆಟ್ಟಿಗೆ: ಆಮೇಲೆ ಮರದ ಉಂಗುರ ಎಣಿಸಿದ್ದನ್ನು ಯಾಕೆ ಬಿಟ್ಟಿರಿ? ಮೇಲಿನ ಸ್ಪ್ರೂಸ್ ಹಲಗೆಯ ಕೊನೆಯ ಉಂಗುರ 1680ರ ದಶಕದ್ದು. ಸ್ಟ್ರಾಡಿವಾರಿಯೇ ಮಾಡಿದ 1696ರ ‘ಆರ್ಕಿಂಟೋ’ ವಯೋಲಾದ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಉಂಗುರಗಳಿಗೂ ಹೊಂದುತ್ತದೆ.

ಕಮಾನು78: ಅದು ಮರದ ವಯಸ್ಸು, ಪಿಟೀಲಿನ ವಯಸ್ಸಲ್ಲ. ಹಳೆ ಹಲಗೆ ಸಿಕ್ಕರೆ ವಿಯೋಮ್ ಬಿಡುತ್ತಿದ್ದನಾ?

ತಂಬೂರಿ_ತಮ್ಮಯ್ಯ: ಸಿಗಬೇಕಲ್ಲ ಸ್ವಾಮಿ. ಅದೇ ಕಾಲದ, ಸ್ಟ್ರಾಡಿವಾರಿಯ ಬೇರೆ ವಾದ್ಯಕ್ಕೆ ಹೊಂದುವಂಥ ಹಲಗೆ ನೂರೈವತ್ತು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿ ಸಿಗುವುದು ಅಂದ್ರೆ ಅದೃಷ್ಟ ಸ್ವಲ್ಪ ಜಾಸ್ತಿಯೇ ಆಯ್ತು. ನಾನು ಅಸಲಿ ಕಡೆ. ಆದರೆ ‘ಯಾರೂ ಮುಟ್ಟಿಲ್ಲ’ ಅನ್ನುವುದು ಪೂರ್ತಿ ನಿಜವಲ್ಲ. ಬಿರಡೆ, ತಂತಿ ಕಟ್ಟುವ ಕೆತ್ತನೆಯ ಪಟ್ಟಿ ಎರಡೂ ವಿಯೋಮ್ ಹಾಕಿಸಿದ್ದು. ಕತ್ತನ್ನೂ ಆಮೇಲೆ ಉದ್ದ ಮಾಡಿದ್ದಾರೆ. 1891ರಲ್ಲಿ ಹೆಸರಾಂತ ಪಿಟೀಲುಗಾರ ಯೋಆಕಿಮ್ ನುಡಿಸಿ ಮೆಚ್ಚಿದ್ದೂ ಉಂಟು.

ಬಿರಡೆ_ಭಟ್ಟ: ಮತ್ತೆ ಈಗ ಯಾಕೆ ಗಾಜಿನೊಳಗೆ? ನುಡಿಸದ ಪಿಟೀಲು ಇದ್ದೇನು ಬಂತು!

ತಂಬೂರಿ_ತಮ್ಮಯ್ಯ: ಲಂಡನ್ನಿನಲ್ಲಿ ಪಿಟೀಲು ತಯಾರಿಸಿ ಮಾರುತ್ತಿದ್ದ ಹಿಲ್ ಮನೆಯವರು ಮ್ಯೂಸಿಯಂಗೆ ಕೊಟ್ಟಿದ್ದೇ ಮುಂದೆ ಪಿಟೀಲು ಮಾಡುವವರು ನೋಡಿ ಕಲಿಯಲಿ ಅಂತ. ಹೊಚ್ಚಹೊಸ ಸ್ಟ್ರಾಡಿವಾರಿ ಹೇಗಿತ್ತು ಅಂತ ನೋಡಲು ಬೇರೆ ಎಲ್ಲಿಗೆ ಹೋಗ್ತೀರಿ?

ಕಮಾನು78: ವಿಯೋಮ್ ಮಾಡಿದ್ದೇ ಆಗಿದ್ದರೆ ಅವರೆಲ್ಲ ಕಲಿತಿದ್ದು ವಿಯೋಮ್‌ನನ್ನು! ಅದಕ್ಕೇ ನಾನು ಇಷ್ಟು ಹಟ ಹಿಡಿದಿರೋದು.