ಪದಚರ್ಚೆ: ‘ಇಕತ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ವಿನ್ಯಾಸ ಕಲಿಯುವ ಹುಡುಗ ಹುಡುಗಿಯರಿಗೆಂದು ಇಂಡೊನೇಷ್ಯಾದ ಬಟ್ಟೆಗಳ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಲ್ಲಿನ ನೇಕಾರರ ಕೆಲಸ ನೋಡಿ ಇವರು ಕಾಗದದ ಮೇಲೋ, ಮಣ್ಣಿನಲ್ಲೋ, ಪರದೆಯ ಮೇಲೋ ತಮ್ಮದೇ ಏನಾದರೂ ಮಾಡಲಿ ಎಂಬ ಆಸೆ. ಮೊದಲ ಪುಟದಲ್ಲೇ ಪದ ಸಿಗದೆ ಕೆಲಸ ನಿಂತಿದೆ.

ಮಲಯ್ ಭಾಷೆಯಲ್ಲಿ ‘ಇಕತ್’ ಅಂದರೆ ಕಟ್ಟು, ಬಿಗಿ. ನೂಲನ್ನು ಚೌಕಟ್ಟಿಗೆ ಎಳೆದು, ಬಣ್ಣ ಹತ್ತಬಾರದ ಕಡೆಯೆಲ್ಲ ನಾರು ಸುತ್ತಿ ಬಿಗಿದು, ಬಣ್ಣದಲ್ಲಿ ಅದ್ದುತ್ತಾರೆ. ಬಿಚ್ಚಿ, ಇನ್ನೊಂದೆಡೆ ಕಟ್ಟಿ, ಮತ್ತೆ ಅದ್ದುತ್ತಾರೆ. ಮಗ್ಗಕ್ಕೇರುವ ಮೊದಲೇ ಚಿತ್ತಾರ ನೂಲಿನೊಳಗೆ ಕೂತಿರುತ್ತದೆ. ಹಾಗಾಗಿ ಅಂಗಡಿಗಳ ‘ಇಕ್ಕತ್ ಪ್ರಿಂಟ್’ ಅನ್ನುವ ಮಾತೇ ತಲೆಕೆಳಗು. ‘ಇಕಟ್’ ಎಂಬ ಬರಹ ಇಂಗ್ಲಿಷಿನಿಂದ ಇಳಿದದ್ದು. ಮೂಲದ ಉಚ್ಚಾರಣೆ ‘ತ್’ಗೇ ಹತ್ತಿರ. (‘ಇಕ್ಕಟ್ಟು’ ಎಂದು ಬರೆದದ್ದನ್ನೂ ನೋಡಿದ್ದೇನೆ. ಗಡುವು ಹತ್ತಿರ ಬಂದ ನೇಕಾರರು ಅದನ್ನೂ ಒಪ್ಪಿಯಾರು.)

‘ಕಟ್ಟುಬಣ್ಣ’ ಅಂದರೆ ಬಾಂಧನಿಯ ಜೊತೆ ಕಲಸಿಹೋಗುತ್ತದೆ. ಅಲ್ಲಿ ಕಟ್ಟುವುದು ನೇಯ್ದ ಬಟ್ಟೆಯನ್ನು. ಅದಕ್ಕೇ, ನುಡಿಗಟ್ಟಿನ ಹಾಗೆ ‘ನೂಲುಗಟ್ಟು’ ಅನ್ನಬಹುದೇ? ಇದರ ಲಾಭ ಮುಂದಿದೆ. ಇಂಡೊನೇಷ್ಯಾದ ಸುಂಬಾ ದ್ವೀಪದವರು ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಚಾಚಿದ, ಎಳೆಗಳನ್ನು ಕಟ್ಟುತ್ತಾರೆ: ಹಾಸುಗಟ್ಟು. ಬಾಲಿಯ ಎಂಡೆಕ್, ಕಾಂಬೋಡಿಯಾದ ಹೋಲ್, ಥಾಯ್ಲೆಂಡಿನ ಮತ್‌ಮೀ ಬಟ್ಟೆಗಳಲ್ಲಿ ಕಟ್ಟುವುದು ಅಡ್ಡ ಎಳೆಗಳಾದ ಹೊಕ್ಕನ್ನು. ಇವೆಲ್ಲ ಹೊಕ್ಕುಗಟ್ಟು. ಥಾಯ್‌ನ ‘ಮತ್’ಗೂ ಕಟ್ಟು ಎಂದೇ ಅರ್ಥ.

ಕಷ್ಟ ಇರುವುದು ಪೂರ್ವ ಬಾಲಿಯ ತೆಂಗನಾನ್ ಊರಿನ ಗ್ರಿಂಗ್‌ಸಿಂಗ್ ಬಟ್ಟೆಯಲ್ಲಿ. ಅಲ್ಲಿ ಹಾಸು, ಹೊಕ್ಕು ಎರಡನ್ನೂ ಕಟ್ಟಿ ಬಣ್ಣ ಹಾಕುತ್ತಾರೆ. ಕೆಂಪು ಬರುವುದು ನೋನಿ ಬೇರಿನ ತೊಗಟೆಯಿಂದ. ನೀಲಿಯನ್ನು ರೂಢಿಯಂತೆ ಪಕ್ಕದ ಬುಗ್‌ಬುಗ್ ಊರಿನಲ್ಲಿ ಹಾಕಿಸುತ್ತಾರೆ. ನೇಯುವವಳು ಲಾಳಿ ಹಾಯಿಸಿ, ಚೂಪು ಸಲಕರಣೆಯ ಮೊನೆಯಿಂದ ಎಳೆಗಳನ್ನು ಅತ್ತಿತ್ತ ಸರಿಸಿ, ಹಾಸಿನ ಕೆಂಪಿನ ಮೇಲೆ ಹೊಕ್ಕಿನ ಕೆಂಪು ಕೂರುವಂತೆ ಮಾಡಬೇಕು. ನಮ್ಮ ಗುಜರಾತಿನ ಪಾಟಣದ ಪಟೋಲ ರೇಷ್ಮೆಯದ್ದೂ ಇದೇ ಪಾಡು. ಹಿಂದೆ ಆ ಪಟೋಲ ಹಡಗು ಹತ್ತಿ ಇದೇ ದ್ವೀಪಗಳಿಗೆ ಹೋಗುತ್ತಿತ್ತು. ಇದನ್ನು ‘ಹಾಸುಹೊಕ್ಕುಗಟ್ಟು’ ಅನ್ನಲು ನನಗೆ ಮನಸ್ಸಿದೆ. ಉದ್ದವಾಯಿತು ಅನ್ನುವವರು ‘ಜೋಡಿಗಟ್ಟು’ ಅನ್ನಬಹುದು, ಆದರೆ ಎರಡು ಕಡೆ ಗಂಟು ಹಾಕಿದ್ದು ಅಂತ ಕೇಳಿಸುತ್ತದೆ.

ಬಟ್ಟೆಗೆ ಮೇಣ ಹಚ್ಚಿ ಬಣ್ಣ ತಡೆಯುವ ಬಾತಿಕ್‌ನ ಹೆಸರು ಹಾಗೇ ಇರಲಿ. ಅದರ ಬಗೆಗಳಿಗಂತೂ ಕನ್ನಡ ಸಲೀಸಾಗಿ ಒಗ್ಗುತ್ತದೆ. ಪುಟ್ಟ ತಾಮ್ರದ ಕೊಳವೆಯಿಂದ ಬಿಸಿ ಮೇಣ ಹರಿಸಿ ಮಾಡಿದ್ದನ್ನು ಜಾವಾದವರು ‘ಬಾತಿಕ್ ತುಲಿಸ್’ ಅನ್ನುತ್ತಾರೆ. ತುಲಿಸ್ ಅಂದರೆ ಬರೆ. ನಾವೂ ಚಿತ್ರ ‘ಬರೆಯುವ’ ಜನವೇ, ‘ಬರೆದ ಬಾತಿಕ್’ ಸಾಕು. ತಾಮ್ರದ ಅಚ್ಚು ಒತ್ತಿದ್ದು ‘ಬಾತಿಕ್ ಚಾಪ್’; ನಮ್ಮ ಛಾಪಿನ ನೆಂಟ.

ಕೊನೆಯದು, ನಿಜಕ್ಕೂ ನನಗೆ ಉತ್ತರ ಬೇಕಿರುವುದು. ಕಟ್ಟಿನಡಿ ಬಣ್ಣ ಕೊಂಚ ನುಸುಳಿ, ನೇಯುವಾಗ ಎಳೆಗಳು ಕೂದಲೆಳೆಯಷ್ಟು ಸರಿದು, ಇಕತ್‌ನ ಆಕಾರಗಳ ಅಂಚು ಗರಿಯ ತುದಿಯಂತೆ ಕೆದರಿರುತ್ತದೆ. ವಿದ್ಯಾರ್ಥಿಗಳು ಮೊದಲು ಮರುಳಾಗುವುದು ಅದಕ್ಕೇ. ಆದರೆ ‘ಬಣ್ಣ ಬಿಟ್ಟಿದೆ’ ಅಂದರೆ ನಮ್ಮ ಮನೆಗಳಲ್ಲಿ ಸೀರೆ ಅಂಗಡಿಗೆ ವಾಪಸ್ಸು! ‘ಮಸುಕು’ ಅಂದರೂ ದೋಷದ ವಾಸನೆ. ನೇಕಾರರ ಮನೆಯವರು, ಇಕತ್ ನೇಯುವ ತೆಲಂಗಾಣದ ಪೋಚಂಪಲ್ಲಿ ಕಡೆಯ ಒಡನಾಟ ಇರುವವರು ನಮ್ಮ ಈ ಚರ್ಚಾಬಳಗದಲ್ಲಿದ್ದರೆ ದಯವಿಟ್ಟು ಹೇಳಿ: ಮಗ್ಗದ ಮುಂದೆ ಕೂತವರು ಈ ಅಂಚನ್ನು ಮೆಚ್ಚಿ ಏನೆಂದು ಕರೆಯುತ್ತಾರೆ?