ಸಂಬಳಕ್ಕಿದ್ದು ಬರೆದ ತಂತ್ರಾಂಶ ಯಾರದ್ದು?

ಪ್ರಶ್ನೆ (ಬದಿಯಡ್ಕದಿಂದ): ವಕೀಲರೇ, ನಮಸ್ಕಾರ. ಅಡಿಕೆ ಮಂಡಿಯೊಂದರಲ್ಲಿ ಸಂಬಳದ ಗುಮಾಸ್ತ ನಾನು. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಂದು ದರ್ಜೆವಾರು ತೂಕ, ದಿನದ ಧಾರಣೆ, ಬೆಳೆಗಾರರ ಮುಂಗಡ ಎಲ್ಲವನ್ನೂ ಒಂದೇ ಕಡೆ ತೋರಿಸುವ ತಂತ್ರಾಂಶವನ್ನು ರಾತ್ರಿ ಮನೆಯಲ್ಲಿ, ನನ್ನದೇ ಲ್ಯಾಪ್‌ಟಾಪಿನಲ್ಲಿ ಬರೆದೆ. ಮಂಡಿಯಲ್ಲಿ ಈಗ ಅದೇ ನಡೆಯುತ್ತಿದೆ. ಪೆರ್ಲದ ವ್ಯಾಪಾರಿಯೊಬ್ಬರು ಕೊಳ್ಳುತ್ತೇನೆಂದರು. ಧಣಿಗಳು, "ನಮ್ಮ ಅನ್ನ ಉಂಡು ಮಾಡಿದ್ದು, ಅದು ನಮ್ಮದೇ" ಎನ್ನುತ್ತಾರೆ. ನೇಮಕಾತಿ ಪತ್ರವೇ ಇಲ್ಲ. ಮಾರಬಹುದೇ?

ಉತ್ತರ: ಅನ್ನದ ಮಾತು ಕಾಯ್ದೆಯಲ್ಲಿಲ್ಲ, ಆದರೆ ಧಣಿಗಳ ಮಾತನ್ನು ಹಾಗೆಯೇ ತಳ್ಳಿಹಾಕುವಂತೆಯೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಒಂದು ಸಾಹಿತ್ಯ ಕೃತಿ. (ನಗಬೇಡಿ, ಕರಿಗೋಟಿನ ಲೆಕ್ಕ ಬರೆದ ನೀವೂ ಸಾಹಿತಿಯೇ.) ಬರೆದವನೇ ಮೊದಲ ಒಡೆಯ ಎಂಬುದು ಸಾಮಾನ್ಯ ನಿಯಮ. ಸಂಬಳದ ನೌಕರ ತನ್ನ ಉದ್ಯೋಗದ ಭಾಗವಾಗಿ ಬರೆದದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಒಡೆತನ ಯಜಮಾನನದು ಎನ್ನುತ್ತದೆ 17ನೇ ಸೆಕ್ಷನ್.

ಜಗಳವೆಲ್ಲ ಈ "ಉದ್ಯೋಗದ ಭಾಗ" ಎಂಬಲ್ಲಿ. ರಾತ್ರಿ ಬರೆದಿರಿ, ಸ್ವಂತ ಲ್ಯಾಪ್‌ಟಾಪು ಎನ್ನುವುದು ನಿಮ್ಮ ಪರವಾದ ಸಾಕ್ಷ್ಯ, ತೀರ್ಪಲ್ಲ. ಹಗಲು ಕಚೇರಿಯಲ್ಲಿ ಕುಳಿತು ಬರೆದ ಕವಿತೆ ಯಜಮಾನನದಾಗುವುದಿಲ್ಲ. ಕೆಲಸವೆಂದು ಒಪ್ಪಿಸಿದ್ದನ್ನು ಮನೆಯಲ್ಲಿ ಮುಗಿಸಿದರೆ ಅದು ನಿಮ್ಮದಾಗುವುದೂ ಇಲ್ಲ. ಗುಮಾಸ್ತನ ಕೆಲಸ ಲೆಕ್ಕ ಬರೆಯುವುದು, ತಂತ್ರಾಂಶ ಬರೆಯುವುದಲ್ಲ. ಯಾರೂ ಹೇಳದೆ ನೀವಾಗಿಯೇ ಮಾಡಿದ್ದರೆ ನಿಮ್ಮ ಪಕ್ಷ ಗಟ್ಟಿ. ಆಗ ಹಕ್ಕು ಧಣಿಗಳಿಗೆ ಹೋಗಬೇಕಾದರೆ ನೀವು ಸಹಿ ಮಾಡಿದ ಬರಹ ಬೇಕು, ಬಾಯಿಮಾತು ಸಾಲದು. ಹೇಗಿದ್ದರೂ ಒಳಗಿರುವ ಬೆಳೆಗಾರರ ಹೆಸರು, ಬಾಕಿಯ ವಿವರ ಮಂಡಿಯದು. ಅದರಲ್ಲಿ ಒಂದು ಸಾಲೂ ಪೆರ್ಲಕ್ಕೆ ಹೋಗಬಾರದು.

ಪ್ರಶ್ನೆ (ಕುಂಬಳೆಯಿಂದ): ನಾನು ನೌಕರನಲ್ಲ ಸರ್, ಗುತ್ತಿಗೆಗೆ ಆ್ಯಪ್ ಮಾಡಿಕೊಟ್ಟವನು. ಹಣ ಪೂರ್ತಿ ಬಂದಿದೆ.

ಉತ್ತರ: ಹಣ ಬಂದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ಹಕ್ಕನ್ನು ಬರೆದುಕೊಟ್ಟಿದ್ದರೆ ಆ ಪತ್ರ ನೋಡಿ: ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು 19ನೇ ಸೆಕ್ಷನ್ ಭಾವಿಸುತ್ತದೆ. ಕೊಳ್ಳುವವರೇ ಹೆಚ್ಚು ಎಚ್ಚರವಾಗಿರಬೇಕಾದ ಜಾಗವಿದು.

ಬದಿಯಡ್ಕದವರು: ಕೆಲಸ ಬಿಟ್ಟು ಹೊಸದಾಗಿ ಬರೆದರೆ?

ಉತ್ತರ: ಕೃತಿಸ್ವಾಮ್ಯ ಇರುವುದು ಬರಹಕ್ಕೆ, ಉಪಾಯಕ್ಕಲ್ಲ. ಹಳೆಯ ಕೋಡನ್ನು ನಕಲು ಮಾಡದೆ ಬರೆದರೆ ಕೃತಿಸ್ವಾಮ್ಯದ ತಕರಾರು ನಿಲ್ಲುವುದು ಕಷ್ಟ. ನಮ್ಮ ಕೇರಳದ್ದೇ ಪ್ರಕರಣವಿದೆ: 'ಬೋಬನುಂ ಮೋಳಿಯುಂ' ವ್ಯಂಗ್ಯಚಿತ್ರಕಾರ ಟೋಮ್ಸ್ ಮಲಯಾಳ ಮನೋರಮಾ ಬಿಟ್ಟ ಮೇಲೆ ಅದೇ ಪಾತ್ರಗಳನ್ನು ಬಿಡಿಸದಂತೆ ತಡೆಯಲು ಹೈಕೋರ್ಟು ಒಪ್ಪಲಿಲ್ಲ. ಆದರೆ ಆ ಪಾತ್ರಗಳು ನೌಕರಿಗೆ ಮೊದಲೇ ಹುಟ್ಟಿದ್ದವು, ನಿಮ್ಮದು ಹಾಗಲ್ಲ. ಅದಿರಲಿ, ಧಣಿಗಳು ಇದನ್ನು ಮಾಡೆಂದು ಹೇಳಿದ ಸಂದೇಶವೇನಾದರೂ ಇದೆಯೇ?

ಬದಿಯಡ್ಕದವರು: ವಾಟ್ಸ್‌ಆ್ಯಪಿನಲ್ಲಿ ಒಂದಿದೆ. "ಆ ಲೆಕ್ಕದ್ದು ಬೇಗ ಮುಗಿಸು, ಸಂಬಳ ನೋಡುವಾ" ಎಂದು.

ಉತ್ತರ: ಹಾಗಾದರೆ ಪೆರ್ಲದವರಿಗೆ ಸದ್ಯ ಮಾತು ಕೊಡಬೇಡಿ. ಆಮೇಲೆ ಸಂಬಳ ಏರಿತೇ ಎಂಬುದನ್ನು ಇಲ್ಲಿ ಬರೆಯದೆ ನನಗೆ ನೇರವಾಗಿ ತಿಳಿಸಿ.